‘ಟೈಟಲ್ ಕ್ಲಿಯರ್’ ಅನ್ನುವ ಮಾತಿಗೆ ಹೊಣೆ ಯಾರು?

ಮನೆ ಕೊಳ್ಳಲು ಹೊರಟವರು ವಕೀಲರಿಂದ ಒಂದು ಲೀಗಲ್ ಒಪಿನಿಯನ್ ಬರೆಸುತ್ತಾರೆ. ಮೊದಲ ಪುಟದಲ್ಲಿ ಪರಿಶೀಲಿಸಿದ ದಾಖಲೆಗಳ ಪಟ್ಟಿ: ಮೂಲ ಪತ್ರ, ವಿಭಾಗ ಪತ್ರ, ಕ್ರಯಪತ್ರ, ಕನ್ವರ್ಷನ್ ಆದೇಶ, ಪಹಣಿ, ಮ್ಯುಟೇಷನ್ (ಕಂದಾಯ ದಾಖಲೆಯಲ್ಲಿ ಹೆಸರು ಬದಲಾವಣೆ), ಖಾತೆ, ಕಂದಾಯ ಕಟ್ಟಿದ ರಸೀದಿ, ಮೂವತ್ತು ವರ್ಷದ ಇ.ಸಿ. (ಋಣಭಾರ ಪ್ರಮಾಣಪತ್ರ). ಆಮೇಲೆ ಯಾರಿಂದ ಯಾರಿಗೆ ಜಾಗ ಬಂತು ಅನ್ನುವ ವಂಶಪುರಾಣ. ಕೊನೆಯ ಪುಟದಲ್ಲಿ ಎಲ್ಲರೂ ಹುಡುಕುವ ಆ ಒಂದು ಸಾಲು, ‘ಟೈಟಲ್ ಕ್ಲಿಯರ್ ಅಂಡ್ ಮಾರ್ಕೆಟಬಲ್’, ಅಂದರೆ ಮಾಲೀಕತ್ವದ ಹಕ್ಕಿನಲ್ಲಿ ತೊಡಕಿಲ್ಲ, ಮಾರಬಹುದು. ಅದನ್ನು ಓದಿ ಫೈಲು ಮುಚ್ಚಿಟ್ಟು, ಅಡ್ವಾನ್ಸ್ ಕೊಡಲು ಹೊರಡುತ್ತಾರೆ. ಅದೇ ಪುಟದ ಇನ್ನೊಂದು ಸಾಲನ್ನು ಓದುವವರು ಕಡಿಮೆ: ‘ನನಗೆ ಒದಗಿಸಿದ ದಾಖಲೆಗಳ ಜೆರಾಕ್ಸ್ ಪ್ರತಿಗಳನ್ನು ನೈಜವೆಂದು ಭಾವಿಸಿ ಈ ಅಭಿಪ್ರಾಯ ಕೊಟ್ಟಿರುತ್ತೇನೆ.’

ಆರೇಳು ವರ್ಷದ ಮೇಲೆ ಯಾರೋ ಬಂದು ‘ಈ ಜಾಗದಲ್ಲಿ ನನಗೂ ಪಾಲಿದೆ’ ಅಂದರು ಅಂತಿಟ್ಟುಕೊಳ್ಳಿ. ಆಗ ನಷ್ಟ ತುಂಬಿಕೊಡುವವರು ಯಾರು? ವಕೀಲರು ಕೊಟ್ಟದ್ದು ಅಭಿಪ್ರಾಯ, ಗ್ಯಾರಂಟಿ ಅಲ್ಲ. ಬ್ಯಾಂಕಿನ ಪ್ಯಾನೆಲ್ ವಕೀಲರು ನೋಡಿದ್ದು ಬ್ಯಾಂಕಿನ ಸಾಲದ ಭದ್ರತೆಯನ್ನು. ಜಾಗ ಕೈಬಿಟ್ಟುಹೋದರೂ ಇಎಂಐ ನಿಲ್ಲುವುದಿಲ್ಲ. ಮಾರಿದವರು ಕ್ರಯಪತ್ರದಲ್ಲಿ ‘ಮುಂದೆ ಯಾರಿಂದಲಾದರೂ ತಂಟೆ ತಕರಾರುಗಳು ಬಂದಲ್ಲಿ ನನ್ನ ಸ್ವಂತ ಖರ್ಚಿನಿಂದ ಪರಿಹರಿಸಿಕೊಡುತ್ತೇನೆ’ ಎಂದು ಬರೆದುಕೊಟ್ಟಿರುತ್ತಾರೆ, ನಿಜ. ಆ ಸಾಲಿಗೆ ಕಾನೂನಿನ ಬಲವೂ ಇದೆ. ಆದರೆ ಅದನ್ನು ವಸೂಲು ಮಾಡಬೇಕಾದರೆ ಆ ಮನುಷ್ಯ ಬದುಕಿರಬೇಕು, ಸಿಗಬೇಕು, ಸಿಕ್ಕಾಗ ಅವನ ಹೆಸರಿನಲ್ಲಿ ಏನಾದರೂ ಉಳಿದಿರಬೇಕು.

ಸಬ್‌ರಿಜಿಸ್ಟ್ರಾರ್ ಕಚೇರಿಯ ಪಾಡೇನು? ಸರ್ಕಾರಿ ಮೊಹರು ಬಿದ್ದು, ಫೋಟೊ ಹೆಬ್ಬೆಟ್ಟು ತೆಗೆದುಕೊಂಡು, ಶುಲ್ಕ ಕಟ್ಟಿಸಿಕೊಂಡ ಮೇಲೆ ಸರ್ಕಾರವೇ ಒಪ್ಪಿದ ಹಾಗಾಯಿತಲ್ಲ ಎಂದು ನಂಬಿದವರೇ ಹೆಚ್ಚು. ಆದರೆ 1908ರ ನೋಂದಣಿ ಕಾಯ್ದೆ ನೋಂದಾಯಿಸುವುದು ಪತ್ರವನ್ನು, ಹಕ್ಕನ್ನು ಅಲ್ಲ. ಪತ್ರ ಬರೆದುಕೊಟ್ಟವರು ಇವರೇ, ಇಂಥ ದಿನ ನನ್ನ ಮುಂದೆ ಒಪ್ಪಿಕೊಂಡರು ಅನ್ನುವುದಷ್ಟೇ ಆ ಮೊಹರಿನ ಅರ್ಥ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಬಿಡಿಸಿ ಹೇಳಿತು. ತಮಿಳುನಾಡಿನ ನಿಯಮವೊಂದು ಮಾರುವವರ ಮೂಲ ಪತ್ರ ತೋರಿಸದಿದ್ದರೆ ನೋಂದಣಿ ನಿರಾಕರಿಸಲು ಅಧಿಕಾರ ಕೊಟ್ಟಿತ್ತು. ಕೆ. ಗೋಪಿ ಪ್ರಕರಣದಲ್ಲಿ ನ್ಯಾಯಾಲಯ ಆ ನಿಯಮವನ್ನು ಹೊಡೆದುಹಾಕಿತು: ಮಾರುವವರಿಗೆ ಹಕ್ಕು ಇದೆಯೋ ಇಲ್ಲವೋ ನೋಡುವುದು ನೋಂದಣಾಧಿಕಾರಿಯ ಕೆಲಸವೇ ಅಲ್ಲ. ತನ್ನದಲ್ಲದ ಜಾಗವನ್ನು ಒಬ್ಬ ಮಾರಿದರೂ, ವಿಧಿವಿಧಾನ ಸರಿಯಿದ್ದರೆ ಪತ್ರ ನೋಂದಣಿ ಆಗಲೇಬೇಕು. ಕೊಂಡವರಿಗೆ ಸಿಗುವುದು ಮಾರಿದವರಿಗೆ ಎಷ್ಟು ಹಕ್ಕಿತ್ತೋ ಅಷ್ಟು ಮಾತ್ರ.

ಇಷ್ಟು ತಿಳಿಸುವುದಕ್ಕೆ ಸರ್ಕಾರ ತೆಗೆದುಕೊಳ್ಳುವ ಹಣ ನೋಡಿ. ಕರ್ನಾಟಕದಲ್ಲಿ 80 ಲಕ್ಷ ರೂಪಾಯಿಯ ಫ್ಲ್ಯಾಟಿಗೆ ಮುದ್ರಾಂಕ ಶುಲ್ಕ ಶೇ 5, ಅಂದರೆ 4 ಲಕ್ಷ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಅದು 1 ಲಕ್ಷ 60 ಸಾವಿರ. ಒಟ್ಟು 5 ಲಕ್ಷ 60 ಸಾವಿರ, ಸೆಸ್ಸು ಸರ್ಚಾರ್ಜು ಬೇರೆ. ಇಷ್ಟು ಕೊಟ್ಟ ಮೇಲೂ ‘ಈ ಮನೆ ಇವರದೇ’ ಎಂದು ಸರ್ಕಾರ ಎಲ್ಲೂ ಬರೆದುಕೊಡುವುದಿಲ್ಲ. ಖಾತೆ ಇದೆಯಲ್ಲ ಅನ್ನಬೇಡಿ. ಖಾತೆ ತೆರಿಗೆ ಯಾರು ಕಟ್ಟಬೇಕು ಅನ್ನುವ ಲೆಕ್ಕ. ಅದು ಹಕ್ಕುಪತ್ರವಲ್ಲ ಎಂದು ನ್ಯಾಯಾಲಯಗಳು ಹೇಳಿ ಹೇಳಿ ಸುಸ್ತಾಗಿವೆ. ಇ-ಖಾತೆ ಬಂದ ಮೇಲೂ ಆ ಮಾತು ಬದಲಾಗಿಲ್ಲ. ಪಹಣಿಗೆ ಕರ್ನಾಟಕ ಭೂಕಂದಾಯ ಕಾಯ್ದೆಯ ಸೆಕ್ಷನ್ 133ರಲ್ಲಿ ಸ್ವಲ್ಪ ಹೆಚ್ಚಿನ ಗೌರವವಿದೆ, ಬೇರೆ ರೀತಿ ಸಾಬೀತಾಗುವವರೆಗೆ ಅದರಲ್ಲಿರುವುದು ನಿಜ ಅನ್ನುವಷ್ಟು. ‘ಬೇರೆ ರೀತಿ ಸಾಬೀತಾಗುವವರೆಗೆ’ ಅನ್ನುವ ಪದಗಳ ಮೇಲೆಯೇ ನಮ್ಮ ಇಡೀ ಭೂವ್ಯವಹಾರ ನಿಂತಿದೆ.

ಇನ್ನು ಇ.ಸಿ. ನಮ್ಮ ಜನ ಅತಿ ಹೆಚ್ಚು ನಂಬುವ ಕಾಗದ ಅದು. ಫಾರಂ 16ರಲ್ಲಿ ‘ಯಾವುದೇ ಋಣಭಾರ ಕಂಡುಬಂದಿಲ್ಲ’ ಎಂದು ಬಂದರೆ ನಿಟ್ಟುಸಿರು ಬಿಡುತ್ತೇವೆ. ಆದರೆ ಇ.ಸಿ. ತೋರಿಸುವುದು ನೋಂದಣಿ ಆದದ್ದನ್ನು ಮಾತ್ರ. ಉಯಿಲು ನೋಂದಣಿ ಆಗಲೇಬೇಕೆಂದಿಲ್ಲ, ಹಾಗಾಗಿ ಅದು ಕಾಣುವುದಿಲ್ಲ. ಕೋರ್ಟಿನಲ್ಲಿ ನಡೆಯುತ್ತಿರುವ ಪಾಲಿನ ದಾವೆಯನ್ನು ಯಾರೂ ನೋಂದಾಯಿಸದಿದ್ದರೆ ಅದೂ ಕಾಣುವುದಿಲ್ಲ. ಹಿರಿಯರು ಬಾಯಿಮಾತಿನಲ್ಲಿ ಮಾಡಿಕೊಂಡ ಪಾಲು ಕಾಣುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸಹಿ ಹಾಕಬೇಕಾಗಿದ್ದೂ ಹಾಕದವರು ಕಾಣುವುದಿಲ್ಲ.

ಈ ಕೊನೆಯದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಂದು ಉದಾಹರಣೆ ಕಟ್ಟಿಕೊಳ್ಳುತ್ತೇನೆ. ಸಿವಿಲ್ ಕೋರ್ಟಿನ ಆವರಣದಲ್ಲಿ ಅರ್ಧ ದಿನ ಕೂತವರಿಗೆ ಇದು ಹೊಸದಾಗಿ ಕಾಣದು. ನಗರದ ಅಂಚಿನಲ್ಲಿ ಪಿತ್ರಾರ್ಜಿತ ಎರಡು ಎಕರೆ. 2006ರಲ್ಲಿ ತಂದೆ, ಇಬ್ಬರು ಗಂಡುಮಕ್ಕಳು ಸೇರಿ ಬಡಾವಣೆ ಮಾಡುವವರಿಗೆ ಕ್ರಯ ಮಾಡಿಕೊಡುತ್ತಾರೆ. ವಂಶವೃಕ್ಷದಲ್ಲಿ ಬರೆಸಿದ್ದು ಗಂಡುಮಕ್ಕಳ ಹೆಸರು ಮಾತ್ರ. ಮಗಳಿಗೆ ಮದುವೆಯಾಗಿ ಹತ್ತು ವರ್ಷ ಆಗಿದೆ, ‘ಅವಳದೇನಿದೆ, ಮದುವೆಗೆ ಖರ್ಚು ಮಾಡಿ ಕಳಿಸಿದ್ದೇವಲ್ಲ’ ಅನ್ನುವ ಲೆಕ್ಕ. ಕನ್ವರ್ಷನ್ ಆಗುತ್ತದೆ, ಸೈಟುಗಳಾಗುತ್ತವೆ. 2009ರಲ್ಲಿ ಒಬ್ಬರು ಸೈಟು ಕೊಂಡು ಮನೆ ಕಟ್ಟುತ್ತಾರೆ. 2019ರಲ್ಲಿ ಆ ಮನೆಯನ್ನು ಒಂದು ದಂಪತಿ ಬ್ಯಾಂಕ್ ಸಾಲ ಮಾಡಿ ಕೊಳ್ಳುತ್ತಾರೆ. ಇ.ಸಿ. ಶುದ್ಧ, ಖಾತೆ ಸರಿ, ಲೀಗಲ್ ಒಪಿನಿಯನ್ ಒಂದಲ್ಲ ಎರಡು.

2021ರಲ್ಲಿ ಕೋರ್ಟಿನ ಸಮನ್ಸ್ ಬರುತ್ತದೆ. ಪ್ರತಿವಾದಿಗಳ ಪಟ್ಟಿಯಲ್ಲಿ ತಂದೆ, ಅಣ್ಣತಮ್ಮಂದಿರು, ಬಡಾವಣೆಯವರು, ಆಮೇಲೆ ಸೈಟು ಕೊಂಡವರೆಲ್ಲ ಸಾಲಾಗಿ ಇದ್ದಾರೆ. ಈ ದಂಪತಿ 37 ಮತ್ತು 38ನೇ ಪ್ರತಿವಾದಿಗಳು. ದಾವೆಯ ಒಕ್ಕಣೆ ಸರಳ: ನಾನು ಆ ಮನೆಯ ಮಗಳು, ಹುಟ್ಟಿನಿಂದಲೇ ಪಾಲುದಾರಳು, ನನ್ನ ಸಹಿಯಿಲ್ಲದ ಕ್ರಯ ನನ್ನ ಪಾಲನ್ನು ಕಟ್ಟಿಹಾಕದು.

ಆಕೆಯ ಮಾತಿನಲ್ಲಿ ಹುರುಳಿದೆ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮಗಳನ್ನು ಮಗನಿಗೆ ಸಮನಾದ ಪಾಲುದಾರಳನ್ನಾಗಿ ಮಾಡಿತು. ತಂದೆ ಆ ದಿನ ಬದುಕಿದ್ದರೇ ಇಲ್ಲವೇ ಅನ್ನುವುದು ಮುಖ್ಯವಲ್ಲ, ಹಕ್ಕು ಹುಟ್ಟಿನಿಂದ ಬಂದದ್ದು ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. (ಇಂಥ ದಾವೆಗಳ ಬಗ್ಗೆ ಮಾತು ಬಂದಾಗ ‘ಹೆಣ್ಣುಮಕ್ಕಳು ದುಡ್ಡಿಗೆ ಕೇಸು ಹಾಕುತ್ತಾರೆ’ ಅನ್ನುವವರಿದ್ದಾರೆ. ವಂಶವೃಕ್ಷದಿಂದ ಹೆಸರು ಕೈಬಿಟ್ಟವರನ್ನು ಬಿಟ್ಟು ಕೇಳಿದವಳನ್ನು ಬೈಯುವುದು ಯಾವ ನ್ಯಾಯವೋ ತಿಳಿಯದು.) ಇನ್ನೊಂದು ಕಡೆ ಕೊಂಡವರಿಗೂ ವಾದವಿದೆ: ಕುಟುಂಬದ ಅಗತ್ಯಕ್ಕೆ ಯಜಮಾನ ಮಾರಿದ್ದು, 12 ವರ್ಷದ ಕಾಲಮಿತಿ ಮುಗಿದಿದೆ, ನಾವು ಹಣ ಕೊಟ್ಟು ನಂಬಿ ಕೊಂಡವರು. ಗೆಲ್ಲಲೂಬಹುದು. ಆದರೆ ಗೆಲ್ಲುವವರೆಗೆ ಪರಭಾರೆ ಮಾಡದಂತೆ ತಡೆಯಾಜ್ಞೆ. ಮಾರುವ ಹಾಗಿಲ್ಲ, ಮಗಳ ಓದಿಗೆಂದು ಮನೆ ಮೇಲೆ ಇನ್ನಷ್ಟು ಸಾಲ ಕೇಳಿದರೆ ಬ್ಯಾಂಕು ‘ಲಿಟಿಗೇಷನ್ ಇದೆಯಲ್ಲ ಸರ್’ ಅನ್ನುತ್ತದೆ. ವಕೀಲರ ಫೀಸು, ರಜೆ ಹಾಕಿ ಕೋರ್ಟಿಗೆ ಹೋಗುವುದು, ಮುಂದಿನ ವಾಯಿದೆ. ಬೆಂಗಳೂರಿನ ದಕ್ಷ್ ಸಂಸ್ಥೆ 2016ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಸಿವಿಲ್ ದಾವೆಗಳ ಪೈಕಿ ಶೇ 66 ಭೂಮಿ ಮತ್ತು ಆಸ್ತಿಯವೇ ಆಗಿದ್ದವು. ಆ ಗುಂಪಿನಲ್ಲಿ ಇವರದೂ ಒಂದು.

ಟೈಟಲ್ ಇನ್ಶೂರೆನ್ಸ್ ಅನ್ನುವುದು ಈ 37 ಮತ್ತು 38ನೇ ಪ್ರತಿವಾದಿಗಳಿಗಾಗಿ ಹುಟ್ಟಿದ್ದು.

ಹುಟ್ಟಿದ ಕಥೆಯೂ ನಮ್ಮದರ ಹಾಗೇ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ವಾಟ್ಸನ್ ಎಂಬುವವರು ಜಾಗ ಕೊಳ್ಳುವ ಮುಂಚೆ ಆಸ್ತಿಪತ್ರ ಬರೆದುಕೊಡುವ ಮ್ಯೂರ್‌ಹೆಡ್ ಎಂಬುವವರಿಂದ ದಾಖಲೆ ತಪಾಸಣೆ ಮಾಡಿಸಿದರು. ಜಾಗದ ಮೇಲೆ ಹಳೆಯ ತೀರ್ಪಿನ ಬಾಕಿ ಇರುವುದು ಮ್ಯೂರ್‌ಹೆಡ್ ಕಣ್ಣಿಗೆ ಬಿದ್ದಿತ್ತು. ವಕೀಲರನ್ನು ಕೇಳಿದರು, ಅವರು ‘ಅದೇನೂ ತೊಂದರೆಯಿಲ್ಲ’ ಅಂದರು. ಇವರು ವಾಟ್ಸನ್‌ಗೆ ‘ಕ್ಲಿಯರ್’ ಅಂದರು. ಕೊನೆಗೆ ಬಾಕಿ ವಾಟ್ಸನ್ ತಲೆಗೇ ಬಂತು. 1868ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್, ವಕೀಲರ ಸಲಹೆ ನಂಬಿ ಪ್ರಾಮಾಣಿಕವಾಗಿ ನಡೆದುಕೊಂಡವರ ಮೇಲೆ ಹೊಣೆ ಹೊರಿಸಲಾಗದು ಎಂದಿತು. ಎಲ್ಲರೂ ಸರಿಯಾಗಿಯೇ ನಡೆದುಕೊಂಡಿದ್ದರು, ದುಡ್ಡು ಹೋದದ್ದು ಮಾತ್ರ ಕೊಂಡವನದು. 1874ರಲ್ಲಿ ಆ ರಾಜ್ಯ ಟೈಟಲ್ ವಿಮೆಗೆ ಕಾನೂನು ಮಾಡಿತು, 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲ ಕಂಪನಿ ಶುರುವಾಯಿತು.

ಈ ವಿಮೆಯ ಸ್ವಭಾವ ನಮಗೆ ಗೊತ್ತಿರುವ ವಿಮೆಗಳಿಗಿಂತ ತಿರುಗುಮುರುಗು. ಗಾಡಿ ವಿಮೆ, ಆರೋಗ್ಯ ವಿಮೆ ನಾಳೆ ಆಗಬಹುದಾದದ್ದಕ್ಕೆ. ಟೈಟಲ್ ವಿಮೆ ನಿನ್ನೆ ಆಗಿಹೋದದ್ದಕ್ಕೆ. ನಿಮಗೆ ತಿಳಿಯದೆ ಕಾಗದಗಳ ಹಿಂದೆ ಅಡಗಿ ಕೂತಿರುವ ದೋಷಕ್ಕೆ. ಅಮೆರಿಕದಲ್ಲಿ ಪ್ರೀಮಿಯಂ ಕೊಳ್ಳುವಾಗ ಒಂದೇ ಸಲ ಕಟ್ಟಿದರಾಯಿತು. ಪಾಲಿಸಿ ಎರಡು ಬಗೆ. ಸಾಲ ಕೊಟ್ಟ ಬ್ಯಾಂಕಿನ ಹೆಸರಿನಲ್ಲಿ ಒಂದು, ಅದು ಸಾಲ ಬಾಕಿ ಇರುವಷ್ಟಕ್ಕೆ. ಮನೆಯವರ ಹೆಸರಿನಲ್ಲಿ ಇನ್ನೊಂದು. ಬ್ಯಾಂಕಿನ ಪಾಲಿಸಿಗೆ ದುಡ್ಡು ಕಟ್ಟಿ, ತನ್ನದಕ್ಕೂ ಆಯಿತು ಎಂದುಕೊಂಡು ಏಮಾರುವವರು ಅಲ್ಲೂ ಇದ್ದಾರೆ. ಪಾಲಿಸಿಯಿಂದ ಎರಡು ಕೆಲಸ ಆಗುತ್ತವೆ: ಯಾರಾದರೂ ದಾವೆ ಹಾಕಿದರೆ ಕಂಪನಿ ತನ್ನ ಖರ್ಚಿನಲ್ಲಿ ವಕೀಲರನ್ನಿಟ್ಟು ಹೋರಾಡುತ್ತದೆ, ಸೋತರೆ ನಷ್ಟ ತುಂಬಿಕೊಡುತ್ತದೆ. ನನ್ನ ಲೆಕ್ಕದಲ್ಲಿ ಮೊದಲನೆಯದೇ ಹೆಚ್ಚಿನದು. ನಮ್ಮಲ್ಲಿ ಆಸ್ತಿ ದಾವೆಯಲ್ಲಿ ಜನ ಸೋತು ಹಾಳಾಗುವುದಕ್ಕಿಂತ ನಡೆಸಿ ಹಾಳಾಗುವುದು ಜಾಸ್ತಿ.

ಆದರೆ ಇನ್ನೊಂದು ಅಂಕಿ ಮುಂದಿಡಬೇಕು. ಅಮೆರಿಕದ ಟೈಟಲ್ ಕಂಪನಿಗಳು ಪ್ರೀಮಿಯಂ ಎಂದು ವಸೂಲು ಮಾಡುವ ನೂರು ಡಾಲರ್‌ನಲ್ಲಿ ಕ್ಲೇಮಿಗೆ ಹೋಗುವುದು ಐದರ ಆಸುಪಾಸು. ಬೇರೆ ಯಾವ ವಿಮೆಯಲ್ಲೂ ಕೇಳದ ಪ್ರಮಾಣ ಇದು. ‘ಹಗಲು ದರೋಡೆ’ ಎಂದು ಟೀಕಿಸುವವರು ಇದನ್ನೇ ತೋರಿಸುತ್ತಾರೆ. ಅಯೋವಾ ರಾಜ್ಯ 1947ರಲ್ಲಿಯೇ ಖಾಸಗಿ ಟೈಟಲ್ ವಿಮೆಯನ್ನು ನಿಷೇಧಿಸಿತು. 1985ರಿಂದ ಅಲ್ಲಿ ರಾಜ್ಯ ಸರ್ಕಾರವೇ ಗ್ಯಾರಂಟಿ ಕೊಡುತ್ತದೆ. ಕಂಪನಿಗಳ ಉತ್ತರವನ್ನೂ ಕೇಳಬೇಕು: ನಮ್ಮ ಖರ್ಚೆಲ್ಲ ಪಾಲಿಸಿ ಕೊಡುವ ಮುಂಚಿನ ತಪಾಸಣೆಗೆ, ದೋಷ ಮೊದಲೇ ಹುಡುಕಿ ಸರಿಪಡಿಸುವುದರಿಂದಲೇ ಕ್ಲೇಮ್ ಕಡಿಮೆ. ಎರಡರಲ್ಲೂ ನಿಜಾಂಶವಿದೆ. ನಮಗೆ ಬೇಕಾದ ಪಾಠ ಕಂಪನಿಗಳ ಉತ್ತರದಲ್ಲಿಯೇ ಸಿಗುತ್ತದೆ. ತಪ್ಪಿದರೆ ತನ್ನ ಜೇಬಿನಿಂದ ಕೊಡಬೇಕಾದವನು ಕಾಗದ ನೋಡುವ ರೀತಿಯೇ ಬೇರೆ. ‘ನೈಜವೆಂದು ಭಾವಿಸಿ’ ಎಂದು ಬರೆದು ಕೈತೊಳೆದುಕೊಳ್ಳಲು ಅವನಿಗೆ ಆಗದು.

ಜಗತ್ತಿನ ಇನ್ನೊಂದು ಭಾಗ ಬೇರೆ ದಾರಿ ಹಿಡಿಯಿತು. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಕಸ್ಟಮ್ಸ್ ಅಧಿಕಾರಿಯಾಗಿದ್ದ ರಾಬರ್ಟ್ ಟೊರೆನ್ಸ್, ಹಡಗಿನ ಮಾಲೀಕತ್ವ ಒಂದೇ ಪುಸ್ತಕದ ಒಂದೇ ಪುಟದಲ್ಲಿ ಸಿಗುವಾಗ ಜಮೀನಿನದು ಯಾಕೆ ಸಿಗಬಾರದು ಎಂದು ಯೋಚಿಸಿದರು. 1858ರಲ್ಲಿ ಅಲ್ಲಿ ಅದು ಕಾನೂನಾಯಿತು. ಸರ್ಕಾರದ ರಿಜಿಸ್ಟರಿನಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಅದರ ಹಿಂದೆ ಏನಿತ್ತು ಎಂದು ಕೊಳ್ಳುವವರು ಕೆದಕಬೇಕಿಲ್ಲ. ರಿಜಿಸ್ಟರಿನ ತಪ್ಪಿನಿಂದ ಯಾರಿಗಾದರೂ ನಷ್ಟವಾದರೆ ಸರ್ಕಾರವೇ ಒಂದು ನಿಧಿಯಿಂದ ತುಂಬಿಕೊಡುತ್ತದೆ. ಅಂದರೆ ವಿಮೆ ನೋಂದಣಿ ಶುಲ್ಕದೊಳಗೇ ಸೇರಿಹೋಯಿತು. ಆ 5 ಲಕ್ಷ 60 ಸಾವಿರದ ಲೆಕ್ಕವನ್ನು ಇಲ್ಲಿಟ್ಟು ನೋಡಿ.

ಭಾರತ ಈ ಎರಡೂ ದಾರಿಯಲ್ಲಿ ಅರ್ಧರ್ಧ ಹೆಜ್ಜೆ ಇಟ್ಟು ನಿಂತಿದೆ.

ರಿಯಲ್ ಎಸ್ಟೇಟ್ ಯೋಜನೆಗಳನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯ ಸೆಕ್ಷನ್ 16 ಹೇಳುತ್ತದೆ: ಯೋಜನೆಯ ಜಾಗ ಮತ್ತು ಕಟ್ಟಡದ ಟೈಟಲ್‌ಗೆ ಬಿಲ್ಡರ್ ವಿಮೆ ಮಾಡಿಸಬೇಕು, ಪ್ರೀಮಿಯಂ ಅವರೇ ಕಟ್ಟಬೇಕು, ಅದರ ಲಾಭ ಮನೆ ಕೊಂಡವರಿಗೆ ಅಥವಾ ಅವರ ಸಂಘಕ್ಕೆ ವರ್ಗವಾಗಬೇಕು. ಓದಿದರೆ ಇನ್ನೇನು ಬೇಕು ಅನ್ನಿಸುತ್ತದೆ. ಆದರೆ ಅದೇ ಸೆಕ್ಷನ್ನಿನಲ್ಲಿ ‘ಸರ್ಕಾರ ಅಧಿಸೂಚಿಸಿದಂತೆ’ ಅನ್ನುವ ಮಾತೊಂದಿದೆ. ಆಯಾ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸದೆ ಅದು ಕಡ್ಡಾಯವಾಗದು. ಬಹುತೇಕ ಕಡೆ ಆ ಅಧಿಸೂಚನೆಗೆ ಕಾಯುತ್ತಾ ವರ್ಷಗಳೇ ಕಳೆದಿವೆ. ವಿಮಾ ಕಂಪನಿಗಳು ‘ದಾಖಲೆ ಸರಿಯಿಲ್ಲ, ಹೇಗೆ ಕೊಡೋಣ’ ಅನ್ನುತ್ತವೆ. ಬಿಲ್ಡರ್‌ಗಳು ‘ಕಡ್ಡಾಯ ಮಾಡಿದರೆ ಮನೆ ಬೆಲೆ ಏರುತ್ತದೆ’ ಅನ್ನುತ್ತಾರೆ. ‘ಕೊಡುವ ಕಂಪನಿಗಳೇ ಕಡಿಮೆ’ ಅನ್ನುವುದು ಸರ್ಕಾರಗಳ ಉತ್ತರ. ಮೂವರದೂ ಒಬ್ಬರ ಮೇಲೊಬ್ಬರು ಹಾಕುವ ಮಾತು.

ಅದೇ ಕಾಯ್ದೆಯಲ್ಲಿ ಹೆಚ್ಚು ಜನ ಗಮನಿಸದ ಸೆಕ್ಷನ್ 18ರ ಎರಡನೇ ಉಪವಿಧಿ ಇದೆ. ಜಾಗದ ಟೈಟಲ್ ದೋಷದಿಂದ ಮನೆ ಕೊಂಡವರಿಗೆ ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು, ಆ ಕೇಳಿಕೆಗೆ ಯಾವ ಕಾಲಮಿತಿಯೂ ಅಡ್ಡಬರದು. ಮೂವತ್ತು ವರ್ಷವಾದ ಮೇಲೂ ಕೇಳಬಹುದು. ಕಾಗದದಲ್ಲಿ ಇದು ಯಾವ ವಿಮೆಗಿಂತಲೂ ದೊಡ್ಡ ರಕ್ಷಣೆ. ಮೂವತ್ತು ವರ್ಷದ ಮೇಲೆ ಆ ಬಿಲ್ಡರ್ ಎಲ್ಲಿರುತ್ತಾನೆ ಅನ್ನುವುದೇ ಪ್ರಶ್ನೆ. ಒಂದೊಂದು ಯೋಜನೆಗೂ ಒಂದೊಂದು ಕಂಪನಿ ಹುಟ್ಟುಹಾಕುವುದು ಈ ಉದ್ಯಮದ ಪದ್ಧತಿ. ಫ್ಲ್ಯಾಟುಗಳೆಲ್ಲ ಮಾರಾಟವಾದ ದಿನ ಆ ಕಂಪನಿಯ ಹೆಸರಿನಲ್ಲಿ ಉಳಿಯುವುದು ಒಂದು ಲೆಟರ್‌ಹೆಡ್. ಅದರ ಮೇಲೆ ಜಾಯಿಂಟ್ ಡೆವಲಪ್‌ಮೆಂಟ್ ಬೇರೆ: ಜಾಗ ಯಾರದೋ ಕುಟುಂಬದ್ದು, ಬಿಲ್ಡರ್‌ಗೆ ಇರುವುದು ಒಪ್ಪಂದ ಮತ್ತು ಜಿಪಿಎ (ಕುಟುಂಬದ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ). ಆ ಕುಟುಂಬದ ವಂಶವೃಕ್ಷದಲ್ಲಿ ಬಿಟ್ಟುಹೋದ ಒಂದು ಹೆಸರು ಇನ್ನೂರು ಫ್ಲ್ಯಾಟುಗಳ ಅವಿಭಜಿತ ಪಾಲಿನ ಮೇಲೆ ಬಂದು ಕೂರುತ್ತದೆ. ಸೆಕ್ಷನ್ 18ರ ಹೊಣೆಯ ಹಿಂದೆ ದುಡ್ಡು ನಿಲ್ಲಿಸುವುದೇ ಸೆಕ್ಷನ್ 16ರ ಉದ್ದೇಶವಾಗಿತ್ತು. ಒಂದು ಜಾರಿಯಾಗಿ ಇನ್ನೊಂದು ಕಾಯುತ್ತಿದೆ.

ಪಾಲಿಸಿಗಳು ನಮ್ಮ ಮಾರುಕಟ್ಟೆಯಲ್ಲಿ ಇಲ್ಲವೇ ಇಲ್ಲ ಎಂದಲ್ಲ. ರೇರಾ ಬಂದ ಮೇಲೆ ಕೆಲವು ಸಾಮಾನ್ಯ ವಿಮಾ ಕಂಪನಿಗಳು ಬಿಲ್ಡರ್‌ಗಳಿಗೆಂದು ಇವನ್ನು ತಂದವು. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಕೂಡ ಬಿಲ್ಡರ್‌ಗಳ ಕೋರ್ಟು ಖರ್ಚು ಭರಿಸುವ ಪಾಲಿಸಿ, ಮನೆ ಕೊಳ್ಳುವವರಿಗೇ ನೇರ ಕೊಡುವ ಬಿಡಿ ಪಾಲಿಸಿ ಎಂಬ ಸಣ್ಣ ಸ್ವರೂಪಗಳನ್ನು ಸೂಚಿಸಿತು. ಆದರೂ ನಡೆದಿರುವುದು ಹೆಚ್ಚಾಗಿ ದೊಡ್ಡ ಯೋಜನೆಗಳ, ದೊಡ್ಡ ಹೂಡಿಕೆದಾರರ ವ್ಯವಹಾರ. ನನಗೆ ಇಲ್ಲಿಯ ತಕರಾರು ಕಾಣುವುದು ಹೀಗೆ. ಹೆಸರಿರುವ ಬಿಲ್ಡರ್, ಮೂರು ಬ್ಯಾಂಕುಗಳು ತಪಾಸಣೆ ಮಾಡಿದ ಜಾಗ, ರೇರಾ ನೋಂದಣಿ ಎಲ್ಲ ಇರುವ ಅಪಾರ್ಟ್‌ಮೆಂಟಿಗೆ ವಿಮೆ ಸುಲಭವಾಗಿ ಸಿಗುತ್ತದೆ. ರೆವಿನ್ಯೂ ಸೈಟಿನಲ್ಲಿ (ಕನ್ವರ್ಷನ್ ಆಗದ ಕೃಷಿ ಜಮೀನಿನ ಸೈಟು) ಕಟ್ಟಿದ ಮೂವತ್ತು ನಲವತ್ತರ ಮನೆಗೆ, ಮೂರು ಕೈ ಬದಲಾದ ಹಳೇ ಮನೆಗೆ ಸಿಗುವುದಿಲ್ಲ. 500 ಚದರ ಮೀಟರ್ ಮೀರದ ಜಾಗ ಅಥವಾ ಎಂಟು ಮನೆ ಮೀರದ ಯೋಜನೆ ರೇರಾ ವ್ಯಾಪ್ತಿಗೇ ಬರುವುದಿಲ್ಲ. ಒಬ್ಬರಿಂದ ಒಬ್ಬರು ಕೊಳ್ಳುವ ಬಿಡಿ ಮನೆಯಂತೂ ಇಲ್ಲವೇ ಇಲ್ಲ. ನಮ್ಮ ಉದಾಹರಣೆಯ ದಂಪತಿಯನ್ನು ಸೆಕ್ಷನ್ 16 ನಾಳೆಯೇ ಜಾರಿಯಾದರೂ ಕಾಪಾಡುತ್ತಿರಲಿಲ್ಲ. ಜ್ವರ ಬಂದವರಿಗೆ ಔಷಧ ಇಲ್ಲ, ಗಟ್ಟಿಮುಟ್ಟಾಗಿರುವವರಿಗೆ ಟಾನಿಕ್ಕು ಅನ್ನುವ ಹಾಗೆ.

ಕಂಪನಿಗಳನ್ನು ಬೈದು ಉಪಯೋಗವಿಲ್ಲ. ಅಂದಾಜು ಮಾಡಲಾಗದ ಅಪಾಯಕ್ಕೆ ಯಾರೂ ವಿಮೆ ಕೊಡುವುದಿಲ್ಲ. ಕರ್ನಾಟಕದ ಮಂಜೂರಾತಿ ಜಮೀನುಗಳನ್ನೇ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮುರಿದು ಪರಭಾರೆ ಮಾಡಿದ್ದರೆ ಆ ಕ್ರಯ ಅಸಿಂಧು ಎಂದು 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತದೆ. ತಡವಾಗಿ ಹಾಕಿದ ಅರ್ಜಿಗಳನ್ನು ಒಪ್ಪಲಾಗದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು ಅರ್ಜಿಗೆ ಕಾಲಮಿತಿಯೇ ಇಲ್ಲ ಎಂದಿತು. ಭೂಮಿ ಕಳೆದುಕೊಂಡ ಕುಟುಂಬಗಳ ಕಡೆಯಿಂದ ನೋಡಿದರೆ ಆ ತಿದ್ದುಪಡಿಗೆ ಗಟ್ಟಿ ಕಾರಣಗಳಿವೆ. ಹತ್ತು ಕೈ ದಾಟಿದ ಮೇಲೆ ಅದರ ಮೇಲೊಂದು ಮನೆ ಕೊಂಡವರ ಸ್ಥಿತಿಯೂ ಇದೆ. ಇವೆರಡನ್ನೂ ಪ್ರೀಮಿಯಂ ಪಟ್ಟಿಯಲ್ಲಿ ಲೆಕ್ಕ ಹಾಕಿ ಕೂಡಿಸಲು ಬಾರದು. ಕಂಪನಿ ಮಾಡುವುದು ಒಂದೇ ಕೆಲಸ, ಪಾಲಿಸಿಯಿಂದ ಅದನ್ನು ಹೊರಗಿಡುವುದು.

ಹೊರಗಿಡುವ ಪಟ್ಟಿ ಎಷ್ಟು ಉದ್ದ ಹೋಗಬಹುದು ಅನ್ನುವುದಕ್ಕೆ ಬೆಂಗಳೂರಿಗರಿಗೆ ನೆನಪಿರುವ ಒಂದು ದೃಶ್ಯ ಸಾಕು. 2016ರ ಆಗಸ್ಟ್, ಅವನಿ ಶೃಂಗೇರಿ ನಗರ. ರಾಜಕಾಲುವೆ ಒತ್ತುವರಿ ಎಂದು ಪಾಲಿಕೆಯ ಜೆಸಿಬಿಗಳು ಮನೆಗಳನ್ನು ಕೆಡವಿದವು. ನೋಂದಾಯಿತ ಕ್ರಯಪತ್ರ, ಖಾತೆ, ಬ್ಯಾಂಕ್ ಸಾಲ ಎಲ್ಲ ಇದ್ದ ಮನೆಗಳು. ಜನ ಕಾಗದದ ಫೈಲು ಹಿಡಿದು ಗೋಡೆ ಬೀಳುವುದನ್ನು ನೋಡುತ್ತಾ ನಿಂತಿದ್ದರು. ಅವರ ಬಳಿ ಟೈಟಲ್ ವಿಮೆ ಇದ್ದಿದ್ದರೆ ದುಡ್ಡು ಬರುತ್ತಿತ್ತೇ? ಬರುತ್ತಿತ್ತು ಎಂದು ಧೈರ್ಯವಾಗಿ ಹೇಳಲಾರೆ. ಅಳತೆ ಮತ್ತು ಗಡಿಯ ತಕರಾರು, ಯೋಜನಾ ನಿಯಮದ ಉಲ್ಲಂಘನೆ, ಸರ್ಕಾರದ ಸ್ವಾಧೀನ ಇವೆಲ್ಲ ಸಾಮಾನ್ಯವಾಗಿ ಈ ಪಾಲಿಸಿಗಳ ಹೊರಗೇ ಇರುತ್ತವೆ. ನಿಮಗೆ ಮೊದಲೇ ಗೊತ್ತಿದ್ದ ದೋಷವಂತೂ ಹೊರಗೇ ಸರಿ. ಹಕ್ಕಿನ ಕಾಗದ ಸರಿ, ಆದರೆ ಜಾಗ ಕಾಗದದಲ್ಲಿ ಹೇಳಿದಲ್ಲಿ ಇಲ್ಲ ಅನ್ನುವುದು ನಮ್ಮ ಊರುಗಳ ವಿಶೇಷ ಕಾಯಿಲೆ. ಪೋಡಿ ಆಗದ (ಅಳತೆ ಮಾಡಿ ಭಾಗ ಬೇರ್ಪಡಿಸದ) ಸರ್ವೆ ನಂಬರು, ಚೆಕ್ಕುಬಂದಿಯಲ್ಲಿ ‘ಪೂರ್ವಕ್ಕೆ ಇಂಥವರ ಜಮೀನು’ ಎಂದು ಐವತ್ತು ವರ್ಷದ ಹಿಂದೆ ಸತ್ತವರ ಹೆಸರು.

ಹಾಗಾದರೆ ಟೊರೆನ್ಸ್ ದಾರಿಯೇ ಸರಿಯೇ? ಕೇಂದ್ರ ಸರ್ಕಾರ 2008ರಿಂದ ದಾಖಲೆ ಗಣಕೀಕರಣದ ಕಾರ್ಯಕ್ರಮ ನಡೆಸುತ್ತಿದೆ, ಟೈಟಲ್ ಕಾಯ್ದೆಯ ಕರಡುಗಳು ಬಂದುಹೋದವು. ನೀತಿ ಆಯೋಗ 2020ರಲ್ಲಿ ಮಾದರಿ ಕಾಯ್ದೆಯೊಂದನ್ನು ರಾಜ್ಯಗಳ ಮುಂದಿಟ್ಟಿತು. ಅದನ್ನು ಗಂಭೀರವಾಗಿ ತೆಗೆದುಕೊಂಡದ್ದು ಆಂಧ್ರಪ್ರದೇಶ. 2022ರ ಭೂ ಹಕ್ಕು ಕಾಯ್ದೆ 2023ರ ಕೊನೆಗೆ ಜಾರಿಯಾಯಿತು, 2024ರ ಚುನಾವಣೆಯಲ್ಲಿ ಅದೇ ಪ್ರಚಾರದ ವಿಷಯವಾಯಿತು. ಅಧಿಕಾರಿಯೊಬ್ಬ ಇದು ಇಂಥವರದು ಎಂದು ಬರೆದರೆ ಸಿವಿಲ್ ಕೋರ್ಟಿಗೂ ಹೋಗಲಾಗದು ಅನ್ನುವ ಭಯ ರೈತರಲ್ಲಿ ಹುಟ್ಟಿತು. ಪಾಸ್‌ಬುಕ್ಕಿನ ಮೇಲೆ ಮುಖ್ಯಮಂತ್ರಿಯ ಫೋಟೊ ಹಾಕಿದ್ದು ಆ ಭಯಕ್ಕೆ ಉಪ್ಪುಖಾರ ಹಾಕಿತು. ಸರ್ಕಾರ ಬದಲಾಯಿತು, ಕಾಯ್ದೆ ರದ್ದಾಯಿತು. ಹೊಸ ರಿಜಿಸ್ಟರು ಮಾಡುವಾಗ ಯಾರ ಹೆಸರು ಮೊದಲು ಬರೆಯುತ್ತಾರೋ ಅವರೇ ಗೆದ್ದರು ಅನ್ನುವುದು ಬರೀ ಪುಕಾರಲ್ಲ. ನಮ್ಮ ಉದಾಹರಣೆಯ ಮಗಳ ಹೆಸರಿಲ್ಲದ ವಂಶವೃಕ್ಷವನ್ನೇ ನಂಬಿ ಸರ್ಕಾರ ಅಂತಿಮ ಪುಸ್ತಕ ಬರೆದಿದ್ದರೆ ಆಕೆಗೆ ಬಾಗಿಲೇ ಮುಚ್ಚಿಹೋಗುತ್ತಿತ್ತು.

2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ತೀರ್ಪು ಕೊಟ್ಟಿತು. ಮಾರುವವರ ಹೆಸರಿನಲ್ಲಿ ಮ್ಯುಟೇಷನ್ ದಾಖಲೆ ಇಲ್ಲದೆ ನೋಂದಣಿ ಇಲ್ಲ ಎಂಬ ಬಿಹಾರದ ನಿಯಮವನ್ನು ರದ್ದುಮಾಡುತ್ತಾ, ನೋಂದಣಿಗೂ ಮಾಲೀಕತ್ವಕ್ಕೂ ಇರುವ ಈ ಬಿರುಕನ್ನು ಬ್ಲಾಕ್‌ಚೈನ್‌ನಂಥ ತಂತ್ರಜ್ಞಾನದಿಂದ ಮುಚ್ಚಬಹುದೇ ನೋಡಿ ಎಂದು ಕಾನೂನು ಆಯೋಗಕ್ಕೆ ಸೂಚಿಸಿತು. ಬ್ಲಾಕ್‌ಚೈನ್ ಒಮ್ಮೆ ಬರೆದದ್ದನ್ನು ತಿದ್ದಲು ಬಿಡುವುದಿಲ್ಲ, ಒಪ್ಪೋಣ. ಬರೆಯದೇ ಬಿಟ್ಟದ್ದನ್ನು ಅದು ಹುಡುಕಿಕೊಡುವುದಿಲ್ಲ.

ಆದ್ದರಿಂದ ನಾಳೆ ಮನೆ ನೋಡಲು ಹೊರಟವರಿಗೆ ಈಗ ಕೈಯಲ್ಲಿರುವುದು ಏನು? ಅಪಾರ್ಟ್‌ಮೆಂಟ್ ಆದರೆ ಬಿಲ್ಡರ್ ಹತ್ತಿರ ‘ಟೈಟಲ್ ಇನ್ಶೂರೆನ್ಸ್ ಮಾಡಿಸಿದ್ದೀರಾ’ ಎಂದು ಕೇಳಿ. ‘ಇದೆ’ ಅಂದರೆ ಅಷ್ಟಕ್ಕೇ ಬಿಡಬೇಡಿ, ಪಾಲಿಸಿ ಪ್ರತಿ ಕೊಡಿ ಅನ್ನಿ. ಅದರಲ್ಲಿ ವಿಮೆ ಯಾರ ಹೆಸರಿನಲ್ಲಿದೆ, ಸಂಘ ಆದ ಮೇಲೆ ಸಂಘಕ್ಕೆ ವರ್ಗವಾಗುತ್ತದೆಯೇ, ಎಷ್ಟು ವರ್ಷಕ್ಕಿದೆ ನೋಡಿ. ವಿಮೆಯ ಮೊತ್ತ ಇಡೀ ಯೋಜನೆಗೆ ಎಷ್ಟು ಎಂದು ನೋಡಿ, ಫ್ಲ್ಯಾಟುಗಳ ಸಂಖ್ಯೆಯಿಂದ ಭಾಗಿಸಿ. ಕೆಲವೊಮ್ಮೆ ಬರುವ ಉತ್ತರ ನಿಮ್ಮ ನೋಂದಣಿ ಖರ್ಚಿಗೂ ಸಾಲದಿರಬಹುದು. ಆಮೇಲೆ ಹೊರಗಿಟ್ಟ ವಿಷಯಗಳ ಪಟ್ಟಿಯನ್ನು ನಿಮ್ಮ ವಕೀಲರ ಮುಂದಿಡಿ. ನನ್ನ ಮಟ್ಟಿಗೆ ಪಾಲಿಸಿಯಲ್ಲಿ ಅತಿ ಬೆಲೆಬಾಳುವ ಹಾಳೆ ಅದೇ. ತಜ್ಞರನ್ನಿಟ್ಟು ತಪಾಸಣೆ ಮಾಡಿಸಿದ ಕಂಪನಿಯೊಂದು ‘ಇಂಥ ಸರ್ವೆ ನಂಬರಿನ ಇಷ್ಟು ಗುಂಟೆಗೆ ನಾವು ಜವಾಬ್ದಾರರಲ್ಲ’ ಎಂದು ಬರೆದಿದ್ದರೆ, ಅದಕ್ಕಿಂತ ಸ್ಪಷ್ಟವಾದ ಲೀಗಲ್ ಒಪಿನಿಯನ್ ಇಲ್ಲ.

ಬಿಡಿ ಮನೆಗೆ ಈ ಸೌಕರ್ಯವಿಲ್ಲ. ಅಲ್ಲಿ ಹಳೇ ಕಾಲದ ಕೆಲಸವೇ ಗತಿ: ವಂಶವೃಕ್ಷ ತೆಗೆದುಕೊಂಡು ಅದರಲ್ಲಿರುವವರಿಗಿಂತ ಇಲ್ಲದವರ ಬಗ್ಗೆ ಅಕ್ಕಪಕ್ಕದಲ್ಲಿ ವಿಚಾರಿಸುವುದು, ಮನೆಯ ಹೆಣ್ಣುಮಕ್ಕಳಿಂದ ಸಹಿ ಅಥವಾ ಹಕ್ಕು ಬಿಡುಗಡೆ ಪತ್ರ ಪಡೆಯುವುದು, ಆ ದಿನಗಳಲ್ಲಿ ಮೈನರ್ ಆಗಿದ್ದ ಮಕ್ಕಳ ಪಾಲನ್ನು ಕೋರ್ಟಿನ ಅನುಮತಿಯಿಲ್ಲದೆ ಮಾರಿದ್ದಾರೆಯೇ ನೋಡುವುದು, ಇ-ಕೋರ್ಟ್ಸ್ ತಾಣದಲ್ಲಿ ಹಿಂದಿನ ಮಾಲೀಕರ ಹೆಸರುಗಳನ್ನು ಒಂದೊಂದಾಗಿ ಹಾಕಿ ಹುಡುಕುವುದು. ವಕೀಲರು ಇನ್ನೂ ಒಂದು ಮಾಡಿಸುತ್ತಾರೆ, ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ. ಒಳಪುಟದ ಮೂಲೆಯಲ್ಲಿ, ಕಳೆದುಹೋದ ಅಂಕಪಟ್ಟಿಗಳ ನಡುವೆ, ಬೆರಳಗಲದ ಒಂದು ಚೌಕ: ನಮ್ಮ ಕಕ್ಷಿದಾರರು ಕೆಳಕಂಡ ಷೆಡ್ಯೂಲು ಸ್ವತ್ತನ್ನು ಕ್ರಯಕ್ಕೆ ಪಡೆಯಲಿದ್ದು, ತಕರಾರು ಉಳ್ಳವರು 15 ದಿನದೊಳಗೆ ತಿಳಿಸತಕ್ಕದ್ದು, ತಪ್ಪಿದಲ್ಲಿ ಯಾರದೂ ತಕರಾರು ಇಲ್ಲವೆಂದು ಭಾವಿಸಲಾಗುವುದು. ಆ ಮಗಳನ್ನು ಮದುವೆ ಮಾಡಿ ಕಳಿಸಿದ ಊರಿಗೆ ಪತ್ರಿಕೆಯ ಆ ಆವೃತ್ತಿ ಹೋಗುವುದಿಲ್ಲ.